ಎಂಬತ್ತೆರಡರ ಅರ್ಥ

ಹಣಕಾಸು ವಿಷಯವನ್ನು ಆರಿಸಿಕೊಂಡು ಎಂ.ಬಿ.ಎ. ಓದಬೇಕೆಂಬ ಹಂಬಲವುಳ್ಳ ತರುಣ ತರುಣಿಯರು ಇಂದು ದೊಡ್ಡ ಪಟ್ಟಣಗಳಲ್ಲಿ ಮಾತ್ರವಲ್ಲ, ಚನ್ನಗಿರಿ ತಾಲೂಕಿನ ಕತ್ತಲಗೆರೆಯಂತಹ ಗ್ರಾಮಗಳಲ್ಲಿಯೂ ಇದ್ದಾರೆ. ಭದ್ರಾ ನಾಲೆಯ ನೀರಿನಲ್ಲಿ ಭತ್ತವನ್ನೂ ಅಡಿಕೆಯನ್ನೂ ಬೆಳೆಯುವ ಈ ಊರನ್ನು ಹೊರಗಿನವರು ಬಲ್ಲುದು ಬಹುಮಟ್ಟಿಗೆ ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರದಿಂದ. ಆ ಊರಿನ ಒಂದು ಮನೆಯ ಮಗಳು ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, 2023ರ ನವೆಂಬರ್ 26ರಂದು ನಡೆದ ಕ್ಯಾಟ್ ಪರೀಕ್ಷೆಗೆ ಕುಳಿತಳು. ಡಿಸೆಂಬರಿನಲ್ಲಿ ಫಲಿತಾಂಶ ಬಂದಾಗ ಅವಳ ಅಂಕಪತ್ರದಲ್ಲಿ, ದಶಮಾಂಶ ಬಿಟ್ಟರೆ, 82 ಎಂಬ ಅಂಕಿಯಿತ್ತು. ಆ ಒಂದು ಅಂಕಿ ಮುಂದಿನ ಕೆಲವು ತಿಂಗಳುಗಳಲ್ಲಿ ಒಂದು ಮನೆಗೂ ಒಂದು ಟ್ರಸ್ಟಿಗೂ ತಂದೊಡ್ಡಿದ ಇಕ್ಕಟ್ಟು ಸಣ್ಣದಲ್ಲ.

ತಂದೆಯವರ ಸಂತೋಷಕ್ಕೆ ಪಾರವಿರಲಿಲ್ಲ. ಬಸವಾಪಟ್ಟಣದ ನೆಂಟರಿಗೂ ಚನ್ನಗಿರಿಯ ಅಡಿಕೆ ಮಂಡಿಯ ಪರಿಚಯಸ್ಥರಿಗೂ ‘ನೂರಕ್ಕೆ ಎಂಬತ್ತೆರಡು’ ಎಂದು ಅಂದೇ ತಿಳಿಸಿಬಿಟ್ಟರು. ಮಗಳು ತಡೆದಳು.

“ಅಪ್ಪಾಜಿ, ಅದು ನೂರಕ್ಕೆ ಬಂದ ಅಂಕ ಅಲ್ಲ.”

“ಮತ್ತೇನವ್ವ? ಕಾಗದದಲ್ಲಿ ಎಂಬತ್ತೆರಡು ಅಂತಲೇ ಐತಲ್ಲ.”

“ನನಗಿಂತ ಕೆಳಗೆ ನೂರಕ್ಕೆ ಎಂಬತ್ತೆರಡು ಜನ ಅದಾರೆ ಅಂತ ಅದರ ಅರ್ಥ. ನನ್ನ ಅಂಕ ಬೇರೆ ಐತೆ. ಅದು ಬಹಳ ಕಡಿಮೆ.”

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಕೇಳಿದೋರಿಗೆ ಏನಂತ ಹೇಳೋದು?” ಎಂದರು.

ಈ ಪ್ರಶ್ನೆ ನಗುವಂತಹದಲ್ಲ. ಶೇಕಡಾ ಎಂಬುದು ಒಂದು ಲೆಕ್ಕ. ಪರ್ಸೆಂಟೈಲ್ ಎಂಬುದು ಇನ್ನೊಂದು ಲೆಕ್ಕ. ಮೊದಲನೆಯದು ಪ್ರಶ್ನೆಪತ್ರಿಕೆಯ ಎದುರು ವಿದ್ಯಾರ್ಥಿಯನ್ನು ನಿಲ್ಲಿಸಿದರೆ ಎರಡನೆಯದು ಇತರ ವಿದ್ಯಾರ್ಥಿಗಳ ಎದುರು ನಿಲ್ಲಿಸುತ್ತದೆ. ಆ ವರ್ಷದ ಕ್ಯಾಟ್‌ನಲ್ಲಿ 66 ಪ್ರಶ್ನೆಗಳು, ಒಟ್ಟು 198 ಅಂಕಗಳು. ಪರೀಕ್ಷೆ ಬರೆದವರು ಸುಮಾರು 2 ಲಕ್ಷ 88 ಸಾವಿರ ಮಂದಿ. ಪೂರ್ಣ ನೂರರ ಪರ್ಸೆಂಟೈಲ್ ಪಡೆದವರು 14 ಜನ ಮಾತ್ರ. 99ರ ಪರ್ಸೆಂಟೈಲಿಗೆ ಏರಿದವರಿಗೂ 198ರಲ್ಲಿ ಅರ್ಧದಷ್ಟು ಅಂಕ ಬೇಕಾಗಿರಲಿಲ್ಲ. ಕತ್ತಲಗೆರೆಯ ಈ ಹುಡುಗಿಗೆ ಬಂದದ್ದು ಮೂವತ್ತು ಚಿಲ್ಲರೆ ಅಂಕ. ಶೇಕಡಾವಾರು ತೆಗೆದರೆ ಇಪ್ಪತ್ತು ತುಂಬುವುದಿಲ್ಲ. ಆದರೂ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಮಿಕ್ಕ ಜನ ಅವಳ ಹಿಂದೆ ಇದ್ದರು, ಸುಮಾರು ಐವತ್ತೆರಡು ಸಾವಿರ ಜನ ಮುಂದೆ ಇದ್ದರು. ಮುಂದಿದ್ದವರ ಸಂಖ್ಯೆಯನ್ನು ನೋಡಿದರೆ ಬೆಂಗಳೂರಿನ ಐಐಎಂ ಅವಳನ್ನು ಸಂದರ್ಶನಕ್ಕೆ ಕರೆಯಲಾರದೆಂಬುದು ಸ್ಪಷ್ಟ. ಹಿಂದಿದ್ದವರ ಸಂಖ್ಯೆಯನ್ನು ನೋಡಿದರೆ ಅವಳು ದಡ್ಡಳಲ್ಲವೆಂಬುದೂ ಅಷ್ಟೇ ಸ್ಪಷ್ಟ. ಎರಡೂ ಒಂದೇ ಕಾಗದದಲ್ಲಿ ಬರೆದಿರುವ ಸಂಗತಿಗಳು.

ಅಂಕಪತ್ರದಲ್ಲಿರುವ ಅಂಕವಾದರೂ ಅವಳು ಗಳಿಸಿದ ನೇರ ಅಂಕವಲ್ಲ. ಅಂದು ಪರೀಕ್ಷೆ ಮೂರು ಪಾಳಿಗಳಲ್ಲಿ ನಡೆಯಿತು, ಮೂರು ಬೇರೆ ಪ್ರಶ್ನೆಪತ್ರಿಕೆಗಳೊಡನೆ. ಒಂದು ಕಠಿಣ, ಒಂದು ಸುಲಭವಾದರೆ ಅನ್ಯಾಯವಾದೀತೆಂದು ಅಂಕಗಳನ್ನು ಸಮೀಕರಿಸಿ ಪ್ರಕಟಿಸುತ್ತಾರೆ. ಮಗಳು ಇದನ್ನು ವಿವರಿಸಲು ಹೊರಟಾಗ ತಂದೆಗೆ ಅರ್ಥವಾಗಲು ತಡವಾಗಲಿಲ್ಲ. ಕೃಷಿ ಸಂಶೋಧನೆಯಲ್ಲಿ ಒಂದೇ ಭತ್ತದ ತಳಿಯನ್ನು ಹಲವು ತಾಕುಗಳಲ್ಲಿ ನಾಟಿ ಮಾಡಿ, ಮಣ್ಣಿನ ಹೆಚ್ಚುಕಡಿಮೆ ಕಳೆದು ಇಳುವರಿಯನ್ನು ಹೋಲಿಸುವ ಕ್ರಮವನ್ನು ಅವರು ಬಲ್ಲವರು. ‘ಯಾವ ತಾಕಿನಲ್ಲಿ ಬೆಳೆದದ್ದು’ ಎಂದು ಕೇಳದೆ ಇಳುವರಿಯ ಮಾತಾಡುವವನನ್ನು ರೈತನು ನಂಬುವುದಿಲ್ಲ.

ತಂದೆಗೆ ಪ್ರಶ್ನೆಗಳನ್ನೂ ನೋಡುವ ಕುತೂಹಲ ಹುಟ್ಟಿತು. ಅಭ್ಯಾಸದ ಪುಸ್ತಕದಿಂದ ಮಗಳು ಓದಿದಳು: ಸರಳ ಬಡ್ಡಿಯಲ್ಲಿ ಎಂಟು ವರ್ಷಕ್ಕೆ ಎರಡರಷ್ಟಾಗುವ ಹಣ ಎಷ್ಟು ವರ್ಷಕ್ಕೆ ಮೂರರಷ್ಟಾಗುತ್ತದೆ? ಪೆನ್ನು ಮುಟ್ಟದೆ ಅವರು ಹದಿನಾರು ಎಂದರು. ಹನ್ನೆರಡು ಎಂದು ಬರೆದು ಬರುವ ಪದವೀಧರರು ಕಡಿಮೆಯಿಲ್ಲ. ಇಂತಹ ಲೆಕ್ಕಗಳು ಈ ನಾಡಿಗೆ ಹೊಸತೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಅವಧಿಗಳು ಬೆರೆತ ಸಮಸ್ಯೆಗಳು ಹೇರಳವಾಗಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಆದರೆ ಇನ್ನೊಂದು ಪ್ರಶ್ನೆ, ಮಿಶ್ರಣದ್ದು, ತಂದೆಗೆ ಐದು ನಿಮಿಷ ಹಿಡಿಯಿತು. ಉತ್ತರ ಸರಿಯಾಗಿಯೇ ಬಂತು. ಪರೀಕ್ಷೆಯಲ್ಲಿ ಗಣಿತ ವಿಭಾಗದ 22 ಪ್ರಶ್ನೆಗಳಿಗೆ ಇದ್ದದ್ದು 40 ನಿಮಿಷ, ಅಂದರೆ ಒಂದಕ್ಕೆ ಎರಡು ನಿಮಿಷವೂ ಇಲ್ಲ. ಅವರು ನಪಾಸಾಗುತ್ತಿದ್ದರು. ಅಂತಹ ಪರೀಕ್ಷೆ ಅಳೆಯುವುದರಲ್ಲಿ ಬುದ್ಧಿಯ ಜೊತೆಗೆ ವೇಗವೂ ದೊಡ್ಡ ಪಾಲು ಪಡೆದಿದೆ; ಸಾಲ ಕೊಡುವ ಮುನ್ನ ಐದು ನಿಮಿಷ ಯೋಚಿಸುವ ಗುಣ ಅದರ ತಕ್ಕಡಿಗೆ ಬೀಳುವುದಿಲ್ಲ. ಇದನ್ನು ಪರೀಕ್ಷೆಯ ದೋಷವೆನ್ನುವುದು ಸಲ್ಲದು. ಲಕ್ಷಾಂತರ ಜನರನ್ನು ಒಂದೇ ದಿನ ಅಳೆಯಬೇಕಾದ ಸಾಧನಕ್ಕೆ ಅದರದೇ ಮಿತಿಯಿದೆ.

ಒಂದು ವಿಷಯದಲ್ಲಿ ಮಾತ್ರ ಆ ಪರೀಕ್ಷೆಯ ವ್ಯವಸ್ಥೆಯನ್ನು ಮೆಚ್ಚಬೇಕು. ನಾಲ್ಕು ಆಯ್ಕೆಗಳಿರುವ ಪ್ರಶ್ನೆಗೆ ಸರಿಯುತ್ತರಕ್ಕೆ 3 ಅಂಕ, ತಪ್ಪಿಗೆ 1 ಅಂಕ ಕಡಿತ. ಏನೂ ತಿಳಿಯದೆ ಕುರುಡಾಗಿ ಗುರುತು ಹಾಕುವವನು ನಾಲ್ಕು ಪ್ರಶ್ನೆಗಳಲ್ಲಿ ಸರಾಸರಿ ಒಂದನ್ನು ಸರಿಮಾಡಿ ಮೂರು ಅಂಕ ಗಳಿಸುತ್ತಾನೆ, ಮೂರನ್ನು ತಪ್ಪುಮಾಡಿ ಮೂರು ಅಂಕ ಕಳೆದುಕೊಳ್ಳುತ್ತಾನೆ. ಉಳಿಯುವುದು ಸೊನ್ನೆ. ತಿಳಿಯದುದನ್ನು ತಿಳಿದಂತೆ ಹೇಳಿದರೆ ಲಾಭವಿಲ್ಲವೆಂಬ ಏರ್ಪಾಡನ್ನು ಲೆಕ್ಕದಲ್ಲಿಯೇ ಕಟ್ಟಿಟ್ಟಿದ್ದಾರೆ. ಅವಳು ಗೊತ್ತಿಲ್ಲದ ಪ್ರಶ್ನೆಗಳನ್ನು ಬಿಟ್ಟು ಬಂದಿದ್ದಳು. ಅವಳ ಮೂವತ್ತು ಚಿಲ್ಲರೆ ಅಂಕ ಅಷ್ಟರಮಟ್ಟಿಗೆ ಗಟ್ಟಿಯಾದದ್ದು.

ಇಕ್ಕಟ್ಟು ಬಂದದ್ದು 2024ರ ಆರಂಭದಲ್ಲಿ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆ ಅವಳ ಪರ್ಸೆಂಟೈಲನ್ನು ಒಪ್ಪಿ ಸೀಟು ಕೊಡಲು ಮುಂದಾಯಿತು. ಶುಲ್ಕ ಕುಟುಂಬದ ಶಕ್ತಿಯನ್ನು ಮೀರಿದ್ದು. ಸಮಾಜದ ಒಂದು ಟ್ರಸ್ಟು ಉನ್ನತ ವ್ಯಾಸಂಗಕ್ಕೆ ಬಡ್ಡಿರಹಿತ ನೆರವು ನೀಡುತ್ತಿತ್ತು. ಅದರ ಅರ್ಜಿಯಲ್ಲಿ ಒಂದು ಅಂಕಣವಿತ್ತು: ‘ಪ್ರವೇಶ ಪರೀಕ್ಷೆಯಲ್ಲಿ ಪಡೆದ ಅಂಕ (ಶೇಕಡಾ)’. ಕೆಳಗೆ ಸಣ್ಣಕ್ಷರದಲ್ಲಿ, ಅರವತ್ತಕ್ಕಿಂತ ಕಡಿಮೆಯಿರುವವರು ಅರ್ಜಿ ಸಲ್ಲಿಸಬೇಕಾಗಿಲ್ಲವೆಂದು ಷರತ್ತು.

ದೊಡ್ಡಪ್ಪನ ಮಗ ಹೇಳಿದ ಉಪಾಯ ಸರಳವಾಗಿತ್ತು: “ಎಂಬತ್ತೆರಡು ಅಂತ ಬರಿ ತಂಗಿ. ಸುಳ್ಳೇನಲ್ಲವಲ್ಲ.” ನಿಜ, ಸುಳ್ಳಲ್ಲ. ಅಂಕಪತ್ರದಲ್ಲಿ ಮುದ್ರಿತವಾದ ಸಂಖ್ಯೆಯೇ ಅದು. ನಮೂನೆ ಬರೆದವರು ಎರಡು ಲೆಕ್ಕಗಳ ಭೇದವನ್ನು ಅರಿಯದೆ ಹೋದದ್ದು ಅವಳ ಅಪರಾಧವೂ ಅಲ್ಲ. ಅವಳ ಜೊತೆಯವರಲ್ಲಿ ಅನೇಕರು ಹಾಗೆಯೇ ಬರೆಯುವರು, ಅವರಲ್ಲಿ ಹಲವರಿಗೆ ತಾವು ಏನನ್ನಾದರೂ ಮುಚ್ಚಿಡುತ್ತಿದ್ದೇವೆಂಬ ಭಾವನೆಯೂ ಇರಲಾರದು.

ಶ್ರಾವಕನ ಅಣುವ್ರತಗಳಿಗೆ ಹೇಳಿರುವ ಅತಿಚಾರಗಳನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಾಖಲೆ ಬರೆಯುವುದು, ಒಂದು. ಅಂಕಪತ್ರ ತಿದ್ದುವುದು ಅದಕ್ಕೆ ಸೇರುತ್ತದೆ, ಇದು ಅದಲ್ಲ. ಅಚೌರ್ಯವ್ರತದ ಕೆಳಗೆ ಹೀನಾಧಿಕಮಾನೋನ್ಮಾನವೆಂಬುದಿದೆ: ಕೊಳ್ಳಲು ಒಂದು ಅಳತೆ, ಕೊಡಲು ಇನ್ನೊಂದು ಅಳತೆ ಇಟ್ಟುಕೊಳ್ಳುವುದು. ಒಂದು ಸೇರಿನಲ್ಲಿ ಅಳೆದದ್ದನ್ನು ಇನ್ನೊಂದು ಸೇರಿನ ಹೆಸರಿನಲ್ಲಿ ಒಪ್ಪಿಸುವುದು ಇದರ ಹತ್ತಿರದ್ದೇ. ಅಡಿಕೆಯ ವ್ಯವಹಾರ ಬಲ್ಲವರಿಗೆ ಬೇರೆ ವಿವರಣೆ ಬೇಡ. ಚೀಲದ ಬಾಯಲ್ಲಿ ಒಳ್ಳೆಯ ರಾಶಿ ಅಡಿಕೆ ಹರಡಿ, ಕೆಳಗೆ ಗೊರಬಲು ತುಂಬಿದವನೂ ‘ಇದು ರಾಶಿ’ ಎಂದು ಬಾಯಿಬಿಟ್ಟು ಹೇಳಿರುವುದಿಲ್ಲ.

ಅವಳು ಅಂಕಣದಲ್ಲಿ ತನ್ನ ಅಂಕವನ್ನೂ 198 ಎಂಬ ಒಟ್ಟನ್ನೂ ಬರೆದಳು. ಪಕ್ಕದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡವಾಗಿ, ‘ಪರ್ಸೆಂಟೈಲ್ 82. ಇದು ಶೇಕಡಾ ಅಲ್ಲ’ ಎಂದು ಸೇರಿಸಿದಳು. ತಂದೆ ಸಹಿ ಹಾಕುವಾಗ ಏನೂ ಹೇಳಲಿಲ್ಲ.

ಸಮಿತಿಯ ಮುಂದೆ ಅರ್ಜಿ ಬಂದಾಗ ಆಗಬೇಕಾದದ್ದೇ ಆಯಿತು. ಶೇಕಡಾ ಇಪ್ಪತ್ತೂ ಇಲ್ಲದವರಿಗೆ ನೆರವು ಹೇಗೆ ಎಂದು ಒಬ್ಬ ಸದಸ್ಯರು ಕೇಳಿದರು. ಅದೇ ಸಭೆಯಲ್ಲಿ, ಅದೇ ಪರೀಕ್ಷೆ ಬರೆದು ಅಂಕಣದಲ್ಲಿ ಬರಿದೆ 71 ಎಂದು ತುಂಬಿದ್ದ ಇನ್ನೊಬ್ಬ ಅಭ್ಯರ್ಥಿಯ ಅರ್ಜಿ ಪ್ರಶ್ನೆಯಿಲ್ಲದೆ ಮಂಜೂರಾಗಿತ್ತು. ಲೆಕ್ಕಪರಿಶೋಧಕರಾಗಿದ್ದ ಮತ್ತೊಬ್ಬ ಸದಸ್ಯರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಹೆಚ್ಚು ಪಡೆದವಳನ್ನು ತಿರಸ್ಕರಿಸಿ ಕಡಿಮೆ ಪಡೆದವನನ್ನು ಸ್ವೀಕರಿಸಿದಂತಾಯಿತೆಂದು ತೋರಿಸಿದರು. ಎಲ್ಲರಿಂದಲೂ ಮೂಲ ಅಂಕಪತ್ರ ತರಿಸುವುದೆಂದು ನಿರ್ಣಯವಾಯಿತು. ಆ ಹುಡುಗನನ್ನು ದೂಷಿಸುವುದು ತರವಲ್ಲ. ಅವನು ಕೇಳಿದ ಜಾಗದಲ್ಲಿ ತನಗೆ ತೋಚಿದ ಸಂಖ್ಯೆ ಬರೆದಿದ್ದನು. ಆದರೆ ಅಂಕಪತ್ರಗಳು ಬಂದು ಮುಂದಿನ ಸಭೆ ಸೇರುವ ಹೊತ್ತಿಗೆ ಬೆಂಗಳೂರಿನ ಸಂಸ್ಥೆಯ ಶುಲ್ಕದ ಗಡುವು ಕಳೆದುಹೋಗಿತ್ತು. ಅವಳು 2024ರಲ್ಲಿ ರಾಜ್ಯದ ಪಿಜಿಸಿಇಟಿ ಬರೆದು, ದಾವಣಗೆರೆಯಲ್ಲಿಯೇ ಎಂ.ಬಿ.ಎ.ಗೆ ಸೇರಿದಳು. ಟ್ರಸ್ಟು ಆಮೇಲೆ ಒಂದು ಸಣ್ಣ ಮೊತ್ತವನ್ನು ಮಂಜೂರು ಮಾಡಿತು. ಪ್ರಾಮಾಣಿಕತೆಗೆ ಫಲ ಸಿಕ್ಕಿತೆಂದು ಹೇಳುವಂತಹ ಪ್ರಸಂಗ ಇದಲ್ಲ. ಅವಳು ಒಂದು ಸೀಟನ್ನು ಕಳೆದುಕೊಂಡಳು.

ಇದಕ್ಕಿಂತ ಘೋರವಾದ ಪ್ರಸಂಗಗಳೂ ಇಂತಹ ಪರೀಕ್ಷೆಗಳ ಇತಿಹಾಸದಲ್ಲಿವೆ. 2003ರ ನವೆಂಬರಿನಲ್ಲಿ ನಡೆದ ಕ್ಯಾಟ್ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಇಡೀ ಪರೀಕ್ಷೆ ರದ್ದಾಯಿತು. 2004ರ ಫೆಬ್ರವರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಮರಳಿ ಬರೆಯಬೇಕಾಯಿತು. ವಿದೇಶದ ಹಣಕಾಸು ವ್ಯಾಸಂಗಗಳಿಗೆ ಬೇಕಾಗುವ ಜಿಮ್ಯಾಟ್‌ನಲ್ಲಿ, 2008ರಲ್ಲಿ, ಹಣ ಪಡೆದು ನಿಜಪರೀಕ್ಷೆಯ ಪ್ರಶ್ನೆಗಳನ್ನು ಒದಗಿಸುತ್ತಿದ್ದ ಸ್ಕೋರ್‌ಟಾಪ್ ಎಂಬ ತಾಣದ ಮೇಲೆ ನ್ಯಾಯಾಲಯದ ತೀರ್ಪು ಬಂದಿತು. 84 ಮಂದಿಯ ಅಂಕಗಳು ರದ್ದಾದವು. ಕದ್ದವನು ಬೇರೆ, ಕೊಂಡವನು ಬೇರೆ ಎಂಬ ಸಮಾಧಾನಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಕಳವಿನ ಮಾಲನ್ನು ಸ್ವೀಕರಿಸುವುದಕ್ಕೆ ತದಾಹೃತಾದಾನವೆಂದು ಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಇದೆ. ಪರೀಕ್ಷೆ ಬರೆದು ಬಂದ ಮಗನಿಂದ ಪ್ರಶ್ನೆಗಳನ್ನು ಹೇಳಿಸಿ ತಂಗಿಗಾಗಿ ಬರೆದಿಟ್ಟುಕೊಳ್ಳುವ ತಂದೆತಾಯಿಗಳು, ಆ ಪರೀಕ್ಷೆ ವರ್ಷವಿಡೀ ಒಂದೇ ಪ್ರಶ್ನಾಕೋಶದಿಂದ ನಡೆಯುವಂತಹದಾದರೆ, ಆ ಹೆಸರನ್ನು ನೆನಪಿಡಬೇಕು.

ಟ್ರಸ್ಟುಗಳು ಅರವತ್ತು, ಎಪ್ಪತ್ತು ಎಂದು ಗೆರೆ ಎಳೆಯುವ ಪದ್ಧತಿಯನ್ನೂ ಮರುಪರಿಶೀಲಿಸುವುದು ಉಚಿತ. 200ರಿಂದ 800ರವರೆಗಿನ ಹಳೆಯ ಜಿಮ್ಯಾಟ್ ಅಂಕದಲ್ಲಿ ಸುಮಾರು 30ರಿಂದ 40ರಷ್ಟು ಅಳತೆಯ ಹೊಯ್ದಾಟ ಇರಬಹುದೆಂದು ಆ ಪರೀಕ್ಷೆಯನ್ನು ನಡೆಸುವವರೇ ತಿಳಿಸಿದ್ದರು. ಒಂದೇ ಅಂಕದ ಗೆರೆಯಿಂದ ತೀರ್ಮಾನಿಸಬಾರದೆಂಬುದು ಅವರದೇ ಸಲಹೆ. ತಕ್ಕಡಿ ಮಾಡಿದವನೇ ಇಷ್ಟು ಹೆಚ್ಚುಕಡಿಮೆ ಇದೆ ಎಂದಾಗ, ಅದರಲ್ಲಿ ತೂಗುವ ಸಮಿತಿ 640ಕ್ಕೂ 650ಕ್ಕೂ ನಡುವೆ ಗೋಡೆ ಕಟ್ಟುವುದು ವಿಚಿತ್ರ. 2023ರ ಕೊನೆಯಿಂದ ಆ ಪರೀಕ್ಷೆಯ ಅಳತೆಯೇ 205ರಿಂದ 805 ಎಂದು ಬದಲಾಗಿದೆ. ಹಳೆಯ 700ನ್ನೂ ಹೊಸ 705ನ್ನೂ ಒಂದೇ ಎಂದು ತಿಳಿಯುವ ಸಮಿತಿ ಮತ್ತೆ ಎರಡು ಸೇರುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನ ಐಐಎಂ ಸಹ ಕ್ಯಾಟ್ ಅಂಕವೊಂದನ್ನೇ ನೋಡದೆ ಹತ್ತನೆಯ ತರಗತಿಯಿಂದ ಪದವಿಯವರೆಗಿನ ಸಾಧನೆಯನ್ನೂ ಕೆಲಸದ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಕತ್ತಲಗೆರೆಯ ಅರ್ಜಿಯನ್ನು ಕಂಡ ಆ ಟ್ರಸ್ಟಿನ ನಮೂನೆ ಈಗ ಬದಲಾಗಿದೆ. ಪರೀಕ್ಷೆಯ ಹೆಸರು ಮತ್ತು ವರ್ಷ, ಪಡೆದ ಅಂಕ ಮತ್ತು ಒಟ್ಟು ಅಂಕ, ಪರ್ಸೆಂಟೈಲ್ ಅಥವಾ ರ‍್ಯಾಂಕ್ ಎಂದು ಮೂರು ಅಂಕಣಗಳಾಗಿವೆ. ಅಂಕಪತ್ರದ ಪ್ರತಿಯನ್ನು ಮೊದಲೇ ಕೇಳುತ್ತಾರೆ. ಸಭೆಯ ದಿನಾಂಕ ಮಾತ್ರ ಹಿಂದಿನಂತೆಯೇ ಉಳಿದಿದೆ. ಖಾಸಗಿ ಸಂಸ್ಥೆಗಳ ಮೊದಲ ಕಂತಿನ ಗಡುವು ಬಹುಮಟ್ಟಿಗೆ ಬೇಸಿಗೆಯೊಳಗೆ ಮುಗಿಯುತ್ತದೆ. ಸಮಿತಿಯ ಎರಡನೆಯ ಸಭೆ ಸೇರುವುದು ಮಳೆ ಹಿಡಿದ ಮೇಲೆ.