ಬೀಜದ ಮಾಧುಕರಿ

ಹೋದ ವರ್ಷ ಬೇಸಿಗೆಯಲ್ಲಿ ನಾನು ದುಡ್ಡು ಕೊಟ್ಟು ತಂದ ಎರಡು ಅಲಂಕಾರದ ತಾಳೆ ಗಿಡಗಳು ಒಂದೇ ವಾರದಲ್ಲಿ ಒಣಗಿ ಹೋದವು. ‘ಎಂಥ ಬಿಸಿಲಿಗೂ ಜಗ್ಗುವುದಿಲ್ಲ’ ಎಂದು ಮಾರಿದವನು ಹೇಳಿದ್ದ. ಅವನು ಮೇ ತಿಂಗಳಲ್ಲಿ ಕಲಬುರಗಿಗೆ ಬಂದಿರಲಿಕ್ಕಿಲ್ಲ.

ನಮ್ಮ ಮನೆಯ ಪಡುವಣ ಗೋಡೆಯ ಪಕ್ಕದ ಅಂಗಳಕ್ಕೆಲ್ಲ ಶಹಾಬಾದಿ ಪರಸಿ ಹಾಸಿದೆ. ಬಿಸಿಲು 42 ಡಿಗ್ರಿ ದಾಟಿದ ದಿನ ಸಂಜೆ ಏಳಕ್ಕೂ ಅದರ ಮೇಲೆ ಬರಿಗಾಲು ಇಡಲಾಗದು. ಆ ಗೋಡೆಯ ಒಳಗಡೆಯೇ ನನ್ನ ಹೆಂಡತಿಯ ಕೋಣೆ. ಮೊಣಕಾಲು ನೋವಿನಿಂದ ಅವಳು ದಿನದ ಬಹುಪಾಲು ಅಲ್ಲೇ ಮಲಗಿರುತ್ತಾಳೆ. ಫ್ಯಾನು ಹಾಕಿದರೆ ಒಲೆಯ ಝಳ ಬಂದಂತೆ ಬರುತ್ತದೆ. ಬೇವು ಹಚ್ಚಿ ಎಂದ ಮಗ. ಹಚ್ಚಿದೆ. ಆದರೆ ನನಗೀಗ 74. ಬೇವು ದೊಡ್ಡದಾಗುವವರೆಗೆ ಕಾಯುತ್ತ ಕೂಡುವ ಲೆಕ್ಕ ನನಗೆ ಟ್ಯಾಲಿ ಆಗಲಿಲ್ಲ. ಮುಂದಿನ ಬೇಸಿಗೆಗೇ ನೆರಳು ಬೇಕು.

ಆಗ ನೆನಪಾದವು ನಾನು ಕ್ಯಾಶ್ ಕೌಂಟರಿನಲ್ಲಿ ಆಯುಷ್ಯ ಸವೆಸಿದ ಮೂರು ಊರುಗಳು: ಆಳಂದ, ಅಫಜಲಪುರ, ಜೇವರ್ಗಿ. ಅಲ್ಲಿನ ಬಚ್ಚಲ ಹಿಂದೆ, ಹೊಲದ ಬದುವಿನ ಮೇಲೆ ಛತ್ರಿಯಂಥ ಎಲೆಗಳ ಗಿಡಗಳಿರುತ್ತಿದ್ದವು. ಅವನ್ನು ಯಾರೂ ಕೊಂಡು ತಂದವರಲ್ಲ. ಬೀಜ ಬಿತ್ತು, ಗಿಡ ಎದ್ದಿತು, ಅಷ್ಟೇ.

ಎಳ್ಳ ಅಮಾವಾಸ್ಯೆಯ ದಿನ ಒಂಬತ್ತು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಆಳಂದದ ಬಸ್ಸು ಹತ್ತಿದೆ. ಅಂದು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ನನ್ನ ಹಳೆಯ ಗ್ರಾಹಕರೊಬ್ಬರ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡೆವು. ಸುತ್ತ ತೊಗರಿ. ಬದುವಿನುದ್ದಕ್ಕೂ ಆಳೆತ್ತರದ ಔಡಲ. ಬೆಂಗಳೂರು ಕಡೆಯವರು ಇದನ್ನೇ ಹರಳು ಅನ್ನುತ್ತಾರೆ.

“ಸಾಹೇಬ್ರ, ಆಳಂದಕ್ಕ ಬಂದವ್ರು ತೊಗರಿ ಕೇಳ್ತಾರ. ನೀವು ಔಡಲ ಕೇಳ್ತೀರಲ್ರೀ!” ಎಂದು ಅವರು ನಕ್ಕರು.

ಒಣಗಿದ ಮುಳ್ಳುಗಾಯಿಗಳು ಬಿಸಿಲಿಗೆ ಚಟ್ ಚಟ್ ಎಂದು ಒಡೆದು ಬೀಜ ಸಿಡಿಯುತ್ತಿದ್ದವು. ಕಂದು, ಬಿಳಿ ಚಿತ್ತಾರದ ನುಣುಪಾದ ಬೀಜ. ದನದ ಮೈಮೇಲಿನ ಉಣ್ಣೆಯ ಹಾಗೆಯೇ ಕಾಣುತ್ತದೆ. ಅದರ ಲ್ಯಾಟಿನ್ ಹೆಸರು ‘ರಿಸಿನಸ್’ ಎಂದರೂ ಉಣ್ಣೆ ಎಂದೇ ಅರ್ಥ. ಪೂರ್ವ ಆಫ್ರಿಕಾದ ಕಡೆಯ ಈ ಗಿಡದ ಎಣ್ಣೆ ಪ್ರಾಚೀನ ಈಜಿಪ್ಟಿನಲ್ಲಿ ದೀಪಕ್ಕೆ ಉರಿದಿತ್ತು. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೂ ಇದೇ ಎಣ್ಣೆ. ನಮ್ಮಲ್ಲಿ ಕೂಸಿನ ನೆತ್ತಿಗೆ, ಬಂಡಿಯ ಅಚ್ಚಿನ ಕೀಲೆಣ್ಣೆಗೆ. ಮೊಮ್ಮಗಳಿಗೆ ವಿಮಾನದ ಮಾತು ಹಿಡಿಸಿತು, ಬಂಡಿ ಹಿಡಿಸಲಿಲ್ಲ. ಎಣಿಸಿ 40 ಬೀಜ ತೆಗೆದುಕೊಂಡೆ.

ರಾತ್ರಿ ಗಾಣಗಾಪುರದಲ್ಲಿ ಉಳಿದೆವು. ಭೀಮಾ, ಅಮರ್ಜಾ ನದಿಗಳು ಕೂಡುವ ಊರು. ಅಫಜಲಪುರ ತಾಲೂಕಿಗೆ ಸೇರಿದ್ದು. ಮರುದಿನ ಬೆಳಿಗ್ಗೆ ಅಫಜಲಪುರಕ್ಕೆ ಹೋಗಿ ಬಂದೆವಾದರೂ ಅಲ್ಲಿ ನನ್ನ ಕಾಲದ ಯಾರೂ ಸಿಗಲಿಲ್ಲ. ಮಧ್ಯಾಹ್ನ ಗಾಣಗಾಪುರದಲ್ಲಿ ಮಾಧುಕರಿಯ ಹೊತ್ತು. ದತ್ತನ ಭಕ್ತರು, ಮನೆಯಲ್ಲಿ ಎಷ್ಟೇ ಶ್ರೀಮಂತರಾದರೂ, ಇಲ್ಲಿ ಜೋಳಿಗೆ ಹಿಡಿದು ಬೇಡಿ ಉಣ್ಣುತ್ತಾರೆ. ನಾನೂ ಒಂದು ಮನೆಯ ಮುಂದೆ ನಿಂತೆ, ಅನ್ನಕ್ಕಲ್ಲ. ಅವರ ಬಚ್ಚಲ ಮೋರಿಯ ಬದಿ ಬಾಳೆಯಂಥ ಎಲೆಯ, ಕೆಂಪು ಹೂವಿನ ಕ್ಯಾನಾ ಗಿಡದ ಹಿಂಡೇ ಇತ್ತು.

“ಆಯಿ, ಒಂದೀಟು ಬೀಜ ಕೊಡ್ತೀರೇನ್ರೀ? ಏನು ಕೊಡಬೇಕು?”

“ಬೀಜಕ್ಕ ಯಾರರ ರೊಕ್ಕ ತಗೋತಾರೇನಪ್ಪ? ಬೇಕಾದಷ್ಟು ಒಯ್ಯಿ.”

ಕರಿ ಗುಂಡಿನಂಥ ಬೀಜ. ಹಾಗೇ ಮಣ್ಣಿಗೆ ಹಾಕಿದರೆ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಸಿಪ್ಪೆ ಅಷ್ಟು ಗಟ್ಟಿ. ಒಳಗಿನ ಬಿಳುಪು ಇಣುಕುವಷ್ಟು ಒಂದು ಬದಿ ತಿಕ್ಕಿ, ಒಂದು ದಿನ ಬೆಚ್ಚಗಿನ ನೀರಿನಲ್ಲಿ ನೆನೆಹಾಕಬೇಕು. ತಿಕ್ಕಲು ನಮ್ಮ ಮನೆಯಲ್ಲಿ ಪರಸಿಗೇನು ಬರ!

ಜೇವರ್ಗಿಯ ಗೆಳೆಯನದು ಪಪ್ಪಾಯಿಯ ಪಾಠ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಅವನ ಹೊಲದಲ್ಲಿ ನೀರು ನಿಂತು, ಇದ್ದಬದ್ದ ಪಪ್ಪಾಯಿಯೆಲ್ಲ ಬುಡ ಕೊಳೆತು ಮಲಗಿದವು. “ಬಿಸಲ ತಡೀತದ, ನಿಂತ ನೀರ ತಡಿಯಂಗಿಲ್ಲ. ಎರಿ ಮಣ್ಣಿನಾಗ ದಿಬ್ಬ ಮಾಡಿ ಹಚ್ಚು” ಎಂದ. ಹಣ್ಣು ಕೊಯ್ದು ಕೊಟ್ಟ. ತಿಂದು ಬೀಜ ಇಟ್ಟುಕೊಂಡೆವು. ಬೀಜದ ಮೇಲಿನ ಲೋಳೆಪೊರೆಯನ್ನು ಬೂದಿಯಲ್ಲಿ ತಿಕ್ಕಿ ತೊಳೆದು, ನೆರಳಲ್ಲಿ ಆರಿಸಬೇಕು. ಗಂಡು ಗಿಡ ಯಾವುದು, ಹೆಣ್ಣು ಯಾವುದು ಎಂದು ಹೂ ಬರುವವರೆಗೆ ತಿಳಿಯುವುದಿಲ್ಲವಾದ್ದರಿಂದ ಒಂದು ಗುಣಿಗೆ ಮೂರು ಸಸಿ ಹಚ್ಚಬೇಕಂತೆ.

ಮನೆಗೆ ಬಂದ ಮೂರನೆಯ ದಿನ ಔಡಲ ಬೀಜದ ಡಬ್ಬಿ ತೆರೆದು ಎಣಿಸಿದೆ. ಹಳೆಯ ಚಟ. 37 ಇದ್ದವು. ಮತ್ತೆ ಎಣಿಸಿದೆ. 37.

ಕ್ಯಾಶ್ ಕಡಿಮೆ ಬಂದ ಸಂಜೆಗಳನ್ನು ನಾನು ಕಂಡಿದ್ದೇನೆ. ಇದು ಅಂಥದ್ದಲ್ಲ. ಔಡಲದ ಎಣ್ಣೆ ಔಷಧಿ, ಆದರೆ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಎಣ್ಣೆ ತೆಗೆದ ಮೇಲೆ ಅದು ಹಿಂಡಿಯಲ್ಲಿ ಉಳಿಯುತ್ತದೆ. ಅದಕ್ಕೇ ಆ ಹಿಂಡಿಯನ್ನು ಗೊಬ್ಬರಕ್ಕೆ ಹಾಕುತ್ತಾರೆ, ದನಕ್ಕೆ ಹಾಕುವುದಿಲ್ಲ. ಕೆಲವೇ ಬೀಜ ಅಗಿದು ನುಂಗಿದರೂ ಮಕ್ಕಳ ಜೀವಕ್ಕೆ ಅಪಾಯ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗನಿದ್ದಾನೆ. ಸಿಕ್ಕಿದ್ದನ್ನು ಬಾಯಿಗೆ ಹಾಕುವ ವಯಸ್ಸು.

“ಬೀಜ ಯಾರು ತಗೊಂಡೀರಿ?” ನನ್ನ ದನಿ ಕೇಳಿ ಹೆಂಡತಿ ಗೋಡೆ ಹಿಡಿದು ಎದ್ದು ಬಂದಳು. ಮೊಮ್ಮಗಳು ಅಳಲು ಶುರುಮಾಡಿದಳು. “ಚಂದ ಅದಾವಂತ ತಗೊಂಡೆ ಮುತ್ಯಾ. ಬಳಿ ಮಾಡಬೇಕಂತಿದ್ದೆ. ಆಮ್ಯಾಲ ತಮ್ಮ ಕಸಗೊಂಡ.”

ತಮ್ಮ ಅಂಗಳದಲ್ಲಿ ಅಡುಗೆ ಆಟ ಆಡುತ್ತಿದ್ದ. ಬೊಂಬೆಯ ಪಾತ್ರೆಯಲ್ಲಿ, ನೀರು ಮತ್ತು ಮಣ್ಣಿನ ಸಾರಿನಲ್ಲಿ, ಒಂದು, ಎರಡು... ಮೂರನೆಯದಕ್ಕಾಗಿ ಹತ್ತು ನಿಮಿಷ ಹುಡುಕಿದೆವು. ಅವನ ಅಪ್ಪ ಆಸ್ಪತ್ರೆಗೆಂದು ಸ್ಕೂಟರು ಹೊರಗೆ ತೆಗೆದಿದ್ದ. ಅಗಿದಿದ್ದರೆ ಲಕ್ಷಣಗಳು ಕಾಣಲು ಹಲವು ಗಂಟೆ ಹಿಡಿಯಬಹುದು, ಕಾಯುತ್ತ ಕೂಡಬಾರದು. ಅಷ್ಟರಲ್ಲಿ ಅದು ಅವನ ಚಡ್ಡಿಯ ಕಿಸೆಯಲ್ಲಿ ಸಿಕ್ಕಿತು. ಇಡಿಯಾಗಿತ್ತು. ಒಂದು ಹಲ್ಲಿನ ಗುರುತೂ ಇರಲಿಲ್ಲ. ನಾನು ಅಲ್ಲೇ ಪರಸಿಯ ಮೇಲೆ ಕುಳಿತುಬಿಟ್ಟೆ.

ಎಲ್ಲವನ್ನೂ ಒಲೆಗೆ ಹಾಕಿ ಎಂದಳು ಹೆಂಡತಿ. ಅವಳ ಮಾತು ತಪ್ಪೇನಲ್ಲ. ಡಬ್ಬಿಯನ್ನು ಕೈಗೆ ಎಟಕುವಲ್ಲಿ ಇಟ್ಟ ತಪ್ಪು ನನ್ನದು. ಎರಡು ದಿನ ಯೋಚಿಸಿ ಒಂದು ಷರತ್ತಿನ ಮೇಲೆ ಆರು ಬೀಜ ಉಳಿಸಿಕೊಂಡೆ: ಹೂಗೊಂಚಲು ಕಂಡ ದಿನವೇ ಕತ್ತರಿಸುವುದು, ಒಂದೂ ಕಾಯಿಗಟ್ಟಲು ಬಿಡಬಾರದು. ನಮಗೆ ಬೇಕಾದದ್ದು ಎಲೆ. ಉಳಿದ 34ನ್ನು ಹೆಂಡತಿಯ ಎದುರೇ ಸುಟ್ಟೆ.

ಶಿವರಾತ್ರಿಯಾದ ಮೇಲೆ ಗೋಡೆಯ ಬದಿಯ ಒಂದು ಸಾಲು ಪರಸಿ ಕಿತ್ತು, ಮರಳು, ತಿಪ್ಪೆಗೊಬ್ಬರ ಬೆರೆಸಿ ದಿಬ್ಬ ಮಾಡಿದೆ. ಆರರಲ್ಲಿ ಐದು ಔಡಲ ಎರಡು ವಾರದೊಳಗೆ ಮೊಳೆತವು. ಕ್ಯಾನಾಗೆ ಬಚ್ಚಲ ನೀರು ತಿರುಗಿಸಿದೆ. ಪಪ್ಪಾಯಿ ತಡವಾಗಿ ಎದ್ದಿತು. ಅದರ ನೆರಳನ್ನು ಮುಂದಿನ ವರ್ಷಕ್ಕೆ ಬರೆದಿಟ್ಟೆ.

ಮೇ ಮಧ್ಯಕ್ಕೆ ಔಡಲ ಕಿಟಕಿಯ ಮೇಲಂಚು ಮುಟ್ಟಿತು. ನಡುಮಧ್ಯಾಹ್ನ ಎಲೆ ಜೋತು ಬೀಳುತ್ತವೆ, ಸಂಜೆಗೆ ಮತ್ತೆ ನೆಟ್ಟಗಾಗುತ್ತವೆ. ಗೋಡೆ ಈಗಲೂ ಕಾಯುತ್ತದೆ, ಮೊದಲಿನಷ್ಟಿಲ್ಲ. ನಾಲ್ಕರ ಹೊತ್ತಿಗೆ ಎಲೆಗಳ ನೆರಳು ಹಾಸಿಗೆಯ ಮೇಲೆ ಬೀಳುತ್ತದೆ. ಆಗ ಹೆಂಡತಿ ಕಿಟಕಿ ತೆರೆಸುತ್ತಾಳೆ. ಹೂಗೊಂಚಲು ಕತ್ತರಿಸುವ ಕೆಲಸ ನನ್ನದು, ಲೆಕ್ಕ ಮೊಮ್ಮಗಳದು. ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದು ನನ್ನಿಂದ ಸಹಿ ಮಾಡಿಸಿಕೊಳ್ಳುತ್ತಾಳೆ. ನಿನ್ನೆಗೆ ಹನ್ನೊಂದು.