ಕಾಯುವುದೂ ಒಂದು ಕಾಯಕ

ನಮ್ಮ ಗುಂಡಗುರ್ತಿಯ ಹೊಲಗಳಲ್ಲಿ ತೊಗರಿಯ ಕಾಯಿ ಬಲಿಯುವ ದಿನಗಳಲ್ಲಿಯೇ ಕ್ರೈಸ್ತ ಬಂಧುಗಳ ‘ಆಗಮನ ಕಾಲ’ವೂ ಬರುತ್ತದೆ. ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಈ ಪುಣ್ಯಕಾಲವು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ ಆರಂಭವಾಗಿ ಡಿಸೆಂಬರ್ 24ಕ್ಕೆ ಮುಗಿಯುತ್ತದೆ. ಹಸಿರೆಲೆಯ ಚಕ್ರದಲ್ಲಿ ನಾಲ್ಕು ಮೇಣದ ಬತ್ತಿಗಳನ್ನಿರಿಸಿ, ವಾರಕ್ಕೊಂದನ್ನು ಹೆಚ್ಚಿಸುತ್ತ ಬೆಳಗುವುದು ಹಲವರ ರೂಢಿ.

ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರರಾಗಿದ್ದು ನಿವೃತ್ತರಾದ ಕ್ರೈಸ್ತ ಮಿತ್ರರೊಬ್ಬರ ಮನೆಯಲ್ಲಿ ಕಳೆದ ವರ್ಷ ಈ ದೀಪಗಳನ್ನು ಕಂಡೆ. ಎರಡು ಉರಿಯುತ್ತಿದ್ದವು, ಎರಡು ಕಾದಿದ್ದವು. “ನಿಮ್ಮ ಯೇಸುಸ್ವಾಮಿ ಎರಡು ಸಾವಿರ ವರ್ಷಗಳ ಹಿಂದೆಯೇ ಬಂದರಲ್ಲ, ಮತ್ತೆ ಕಾಯುವುದು ಯಾರನ್ನು?” ಎಂದು ಕೇಳಿದೆ.

ಅವರು ನಕ್ಕು, “ಶಾಸ್ತ್ರಿಗಳೇ, ಆತ ಬಂದದ್ದನ್ನು ನೆನೆಯುತ್ತೇವೆ, ಮತ್ತೆ ಬರುವನೆಂದು ನಂಬುತ್ತೇವೆ. ನಡುವೆ ಉಳಿದಿರುವುದು ನಮ್ಮನ್ನು ಸಿದ್ಧಮಾಡಿಕೊಳ್ಳುವ ಕೆಲಸ. ಮುರಿದ ಮನಸ್ಸುಗಳನ್ನು ಕೂಡಿಸದೆ ದೀಪ ಹಚ್ಚಿ ಫಲವೇನು?” ಎಂದರು.

ಆ ಮಾತು ನನ್ನನ್ನು ಚುಚ್ಚಿತು. ಬದುವಿನ ವ್ಯಾಜ್ಯದಿಂದಾಗಿ ನನ್ನ ತಮ್ಮನೊಡನೆ ಒಂಬತ್ತು ವರ್ಷಗಳಿಂದ ಮಾತು ನಿಂತಿತ್ತು. ಅವನೇ ಮೊದಲು ಬರಲೆಂದು ನಾನು ಕಾದಿದ್ದೆ. ಮಠದಲ್ಲಿ ಷಟ್‌ಸ್ಥಲವನ್ನು ಓದಿ, ಊರೂರಿಗೆ ಪ್ರವಚನ ಹೇಳಿದವನ ಸ್ಥಿತಿ ಇದು!

ನಮ್ಮ ದರ್ಶನ ಬೇರೆ, ನಿಜ. ಗುರುಕರುಣೆಯಿಂದ ದೇವನು ಇಷ್ಟಲಿಂಗವಾಗಿ ನಮ್ಮ ಕರಸ್ಥಲಕ್ಕೆ ಬಂದೇ ಇದ್ದಾನೆ. ಆತನ ಬರವಿಗಾಗಿ ದಿನ ಎಣಿಸಬೇಕಾಗಿಲ್ಲ. ಆದರೆ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಮಾಗಬೇಕಾದವರು ನಾವು. ಆತನಲ್ಲ, ನಾವು ತಡಮಾಡುತ್ತಿದ್ದೇವೆ. ಚೆನ್ನಮಲ್ಲಿಕಾರ್ಜುನನಿಗಾಗಿ ಹಂಬಲಿಸಿದ ಅಕ್ಕಮಹಾದೇವಿಯವರು ಕುಳಿತು ಕಾಯಲಿಲ್ಲ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದರು. ಮುಂಗಾರಿಗೆ ತೊಗರಿ ಬಿತ್ತಿದ ಒಕ್ಕಲಿಗನೂ ಸುಮ್ಮನೆ ಕೂಡುವುದಿಲ್ಲ. ಎಡೆ ಹೊಡೆದು, ಕಳೆ ತೆಗೆದು, ಹುಳು ಬೀಳದಂತೆ ನೋಡಿಕೊಳ್ಳುತ್ತಲೇ ಬೆಳೆಯ ದಾರಿ ಕಾಯುತ್ತಾನೆ. ಹೀಗೆ ಕಾಯುವುದೂ ಒಂದು ಕಾಯಕವೇ ಸರಿ.

ತೊಗರಿಯ ರಾಶಿಯ ದಿನ ನಾನೇ ತಮ್ಮನ ಹೊಲಕ್ಕೆ ಹೋದೆ. ಅವನು ಮಾತನಾಡಲಿಲ್ಲ. ಕಂಬಳಿ ಹಾಸಿದ, ತಂಬಿಗೆಯಲ್ಲಿ ನೀರು ತಂದಿಟ್ಟ. ತುಸು ಹೊತ್ತಿನ ಮೇಲೆ, “ಅಣ್ಣಾ, ಉಂಡೇ ಹೋಗು” ಎಂದ. ಬದು ಇದ್ದಲ್ಲಿಯೇ ಇದೆ. ನಮ್ಮಿಬ್ಬರ ನಡುವೆ ಮಾತ್ರ ಇಲ್ಲ.

ಶರಣಬಂಧುಗಳೇ, ನಾಳೆ ಬೆಳಗ್ಗೆ ಲಿಂಗಪೂಜೆಗೆ ಕೂಡುವ ಮುನ್ನ, ಯಾರ ಬಾಗಿಲಿಗೆ ನಾವೇ ಮೊದಲು ಹೋಗಬೇಕಾಗಿದೆ ಎಂದೊಮ್ಮೆ ಕೇಳಿಕೊಳ್ಳೋಣ.