ಪಂಪನ ತಮ್ಮನ ಬಂಡೆಶಾಸನ ನೋಡಿ ಬಂದೆವು

ನಮ್ಮ ಸೊಲ್ಲಾಪುರದ ಕಡೆಯ ಜೈನ ಮನೆಗಳಲ್ಲಿ ಯಾತ್ರೆ ಎಂದರೆ ಕುಂಥಲಗಿರಿ, ಕುಂಭೋಜದ ಬಾಹುಬಲಿ, ಶ್ರವಣಬೆಳಗೊಳ. ಅಲ್ಲಿ ಇಳಿದುಕೊಳ್ಳಲು ಧರ್ಮಶಾಲೆ ಇರುತ್ತದೆ, ಹೊತ್ತು ಮುಳುಗುವ ಮೊದಲು ಊಟ ಸಿಗುತ್ತದೆ, ದಾರಿ ಹೇಳುವವರೂ ಇರುತ್ತಾರೆ. ಆದರೆ ನಮ್ಮ ಪೂರ್ವಿಕರು ಬಾಳಿ ಬದುಕಿದ ಕುರುಹುಗಳು ಇಂಥ ಕ್ಷೇತ್ರಗಳಲ್ಲಿ ಮಾತ್ರ ಇಲ್ಲ. ಪುರೋಹಿತರಿಲ್ಲದ, ಮಾರ್ಗದರ್ಶಿಯಿಲ್ಲದ, ಬಿಸಿಲಿನಲ್ಲಿ ಬರಿದೇ ನಿಂತಿರುವ ಬಂಡೆಗಳ ಮೇಲೂ ಇವೆ. ಅಂಥ ಒಂದು ಬಂಡೆಯನ್ನು ನೋಡಲು ಕಳೆದ ಮಾಘ ಮಾಸದಲ್ಲಿ ನಾವು ಮನೆಮಂದಿಯೆಲ್ಲ ಹೋಗಿ ಬಂದೆವು. ಅದರ ವಿವರವನ್ನು ವಾಚಕರ ಮುಂದಿಡುತ್ತಿದ್ದೇವೆ.

ಸ್ಥಳದ ಹೆಸರು ಕುರಿಕ್ಯಾಲ. ತೆಲಂಗಾಣದ ಕರೀಂನಗರ ಜಿಲ್ಲೆ, ಗಂಗಾಧರ ಮಂಡಲ. ಊರಿನ ಹತ್ತಿರದ ಕಲ್ಲುಗುಡ್ಡಕ್ಕೆ ಅಲ್ಲಿನ ಜನ ಬೊಮ್ಮಲಗುಟ್ಟ ಎನ್ನುತ್ತಾರೆ. ಬೊಂಬೆಗಳ ಗುಡ್ಡ ಎಂದು ಅರ್ಥ. ಆ ಬೊಂಬೆಗಳೆಂದರೆ ಜಿನಬಿಂಬಗಳು ಮತ್ತು ಆದಿನಾಥ ಸ್ವಾಮಿಯ ಯಕ್ಷಿಯಾದ ಚಕ್ರೇಶ್ವರಿ. ಅವುಗಳ ಜೊತೆಗೇ ಬಂಡೆಯ ಮೇಲೆ ಕ್ರಿ.ಶ. 945ರ ಸುಮಾರಿನ ಒಂದು ಶಾಸನ ಇದೆ. ಅದನ್ನು ಕೆತ್ತಿಸಿದವನು ಜಿನವಲ್ಲಭ; ಕನ್ನಡದ ಆದಿಕವಿ ಪಂಪನ ಒಡಹುಟ್ಟಿದ ತಮ್ಮ.

ಪಂಪನ ಊರು ಯಾವುದು ಎಂದು ಮಕ್ಕಳನ್ನು ಕೇಳಿದರೆ ಬನವಾಸಿ ಎನ್ನುತ್ತಾರೆ. ಬನವಾಸಿಯ ಮೇಲೆ ಅವನಿಗಿದ್ದ ಪ್ರೀತಿ ಅಂಥದು. ಆದರೆ ಅವನು ಕಾವ್ಯ ಬರೆದದ್ದು ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿ. ಈ ಅರಸರು ರಾಷ್ಟ್ರಕೂಟರ ಸಾಮಂತರು. ಆದಿಪುರಾಣ ಮುಗಿದದ್ದು 941ರಲ್ಲಿ. ವೇಮುಲವಾಡ ಇಂದು ತೆಲುಗು ನಾಡಿನ ಊರು. ಮಹಾರಾಷ್ಟ್ರದಲ್ಲಿದ್ದು ಮನೆಯಲ್ಲಿ ಕನ್ನಡ ಆಡುವ ನಮ್ಮಂಥವರಿಗೆ ಈ ಸಂಗತಿ ಏನೋ ಒಂದು ಧೈರ್ಯ ಕೊಡುತ್ತದೆ.

ಹೊರಡುವ ಮೊದಲು ನಾವು ಮಾಡಿದ ಮುಖ್ಯ ಕೆಲಸ, ಶಾಸನದ ಅಚ್ಚಾದ ಪಾಠವನ್ನು ವಾಚನಾಲಯದ ಪುಸ್ತಕದಿಂದ ಒಂದು ನೂರು ಪುಟದ ವಹಿಯಲ್ಲಿ ಬರೆದುಕೊಂಡದ್ದು. ಕಾಲೇಜಿಗೆ ಹೋಗುವ ಮಗ ಓದಿ ಹೇಳಿದ, ಏಳನೆಯ ಇಯತ್ತೆಯ ಮಗಳು ಬರೆದುಕೊಂಡಳು. ಮಗಳ ಶಾಲೆ ಮರಾಠಿ. ಕನ್ನಡ ಅಕ್ಷರ ಕಲಿತದ್ದು ಅವಳ ಆಯಿಯ ಹತ್ತಿರ, ಅಂದರೆ ನಮ್ಮ ಅವ್ವನ ಹತ್ತಿರ. ಈ ಕಲಿಕೆಯ ಬಗ್ಗೆ ಮನೆಯಲ್ಲಿ ಆಗಾಗ ಮಾತು ಬರುತ್ತಿತ್ತು. "ಪರೀಕ್ಷಾದಾಗ ಕನ್ನಡ ಇಲ್ಲ, ನೌಕರಿಗೂ ಬೇಕಿಲ್ಲ. ಆಕಿಗ್ಯಾಕ ಸುಮ್ನ ತ್ರಾಸು?" ಎಂದು ಮಗ ಕೇಳುತ್ತಿದ್ದ. ಅವ್ವ ಉತ್ತರ ಕೊಡದೆ ಸಂಜೆ ಪಾಟಿ ಹಿಡಿದು ಕೂಡುತ್ತಿದ್ದಳು.

ಸೊಲ್ಲಾಪುರದಿಂದ ರಾತ್ರಿ ರೈಲಿನಲ್ಲಿ ಹೈದರಾಬಾದು, ಅಲ್ಲಿಂದ ಬಸ್ಸಿನಲ್ಲಿ ಕರೀಂನಗರ. ಮರುದಿನ ನಸುಕಿನಲ್ಲಿ ಜಗಿತ್ಯಾಲ ರಸ್ತೆ ಹಿಡಿದೆವು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಸೋಸಿದ ನೀರು. ಊರಲ್ಲಿ ಹಿಂದಿಯಲ್ಲಿ ದಾರಿ ಕೇಳಿದೆವು. ಶಾಲೆಗೆ ಹೋಗುವ ಒಬ್ಬ ಹುಡುಗ ತಾನಾಗಿಯೇ ಮುಂದೆ ನಡೆದ. ಅವ್ವನಿಗೆ ಎಪ್ಪತ್ತು ವರ್ಷ. ಕೋಲೂರಿ, ಬಂಡೆಗಳ ನಡುವೆ ಕೂತು ಎದ್ದು, ಬಿಸಿಲು ಏರುವ ಮೊದಲೇ ಮೇಲೆ ಬಂದಳು. ಬಿಂಬಗಳ ಮುಂದೆ ಚಪ್ಪಲಿ ಬಿಟ್ಟು ಎಲ್ಲರೂ ಣಮೋಕಾರ ಹೇಳಿದೆವು. ಅಭಿಷೇಕ ಮಾಡಬೇಕೆಂದು ಅವ್ವನಿಗೆ ಆಸೆ ಇತ್ತು. ಸಾವಿರ ವರ್ಷದ ಕಲ್ಲಿಗೆ ಹಾಲು ಎಣ್ಣೆ ಹಾಕಿದರೆ ಅದಕ್ಕೇ ಕೇಡು ಎಂದಾಗ, "ಹಂಗಾದ್ರ ಕಣ್ಣೀಲೆ ಅಭಿಷೇಕ" ಎಂದು ನಕ್ಕಳು.

ಆಮೇಲೆ ವಹಿ ತೆಗೆದೆವು. ಈ ಶಾಸನದಲ್ಲಿ ಮೂರು ಭಾಷೆಗಳಿವೆ: ಸಂಸ್ಕೃತ, ಕನ್ನಡ, ತೆಲುಗು. ತೆಲುಗಿನ ಭಾಗ ಮೂರು ಕಂದಪದ್ಯಗಳು. ತೆಲುಗಿನಲ್ಲಿ ಈವರೆಗೆ ದೊರೆತ ಅತ್ಯಂತ ಹಳೆಯ ಕಂದಪದ್ಯಗಳೆಂದು ವಿದ್ವಾಂಸರು ಇವನ್ನು ಎಣಿಸುತ್ತಾರೆ. ತೆಲುಗಿನ ಆದಿಕವಿ ನನ್ನಯ ಭಾರತ ಬರೆದದ್ದು ಹನ್ನೊಂದನೆಯ ಶತಮಾನದಲ್ಲಿ. ಕನ್ನಡದ ಆದಿಕವಿಯ ತಮ್ಮ ಅದಕ್ಕೂ ಸುಮಾರು ನೂರು ವರ್ಷ ಮೊದಲೇ ಇಲ್ಲಿ ತೆಲುಗು ಪದ್ಯ ಕೆತ್ತಿಸಿದ್ದಾನೆ.

ಕಂದ ಎಂದರೆ ಏನೆಂದು ಮಗಳು ಕೇಳಿದಳು. ನಾಲ್ಕು ಮಾತ್ರೆಗೆ ಒಂದು ಗಣ. ಒಂದನೆಯ ಮತ್ತು ಮೂರನೆಯ ಸಾಲಿನಲ್ಲಿ ಮೂರು ಗಣ, ಎರಡನೆಯ ಮತ್ತು ನಾಲ್ಕನೆಯ ಸಾಲಿನಲ್ಲಿ ಐದು ಗಣ. ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು. ಒಟ್ಟು 64 ಮಾತ್ರೆ. ನಾಲ್ಕೂ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಕನ್ನಡಕ್ಕೂ ತೆಲುಗಿಗೂ ಲೆಕ್ಕ ಇದೇ. ಮಗ ಕಲ್ಲಿನ ಮೇಲೆ ಬೆರಳು ಬಡಿದು ಎಣಿಸಿ ತೋರಿಸಿದ.

ಅಷ್ಟರಲ್ಲಿ ದಾರಿ ತೋರಿಸಿದ ಹುಡುಗ ಒಂದು ಅಕ್ಷರಕ್ಕೆ ಕೈ ತೋರಿಸಿ, ಇದು ನಮ್ಮ ತೆಲುಗು ಎಂದ. ಅಲ್ಲ, ಇದು ನಮ್ಮ ಕನ್ನಡ ಎಂದಳು ಮಗಳು. ಇಬ್ಬರದೂ ಸರಿಯೇ. ಆ ಕಾಲಕ್ಕೆ ಎರಡೂ ಭಾಷೆಗಳನ್ನು ಬರೆಯುತ್ತಿದ್ದ ಲಿಪಿ ಒಂದೇ ಆಗಿತ್ತು. ಎಲ್ಲ ಅಕ್ಷರಗಳೂ ನಮಗೆ ತಿಳಿಯಲಿಲ್ಲ. ಆದರೂ ವಹಿಯ ಪಾಠವನ್ನು ಪಕ್ಕಕ್ಕಿಟ್ಟುಕೊಂಡು ಇಬ್ಬರೂ ಮಕ್ಕಳು ಒಂದೊಂದೇ ಗುರುತು ಹಿಡಿಯುತ್ತ ಅರ್ಧ ತಾಸು ಕಳೆದರು.

ಶಾಸನ ಹೇಳುವ ವಿಷಯವಾದರೂ ಎಷ್ಟು! ಕಮ್ಮೆ ಬ್ರಾಹ್ಮಣರ ಶ್ರೀವತ್ಸ ಗೋತ್ರದ ಮನೆತನ. ಪೂರ್ವಿಕ ಅಭಿಮಾನಚಂದ್ರ, ತಂದೆ ಭೀಮಪಯ್ಯ. ಜಿನವಲ್ಲಭ ಇಲ್ಲಿ ತ್ರಿಭುವನತಿಲಕ ಎಂಬ ಬಸದಿಯನ್ನು ಕಟ್ಟಿಸಿದ. ಮದನವಿಲಾಸ ಎಂಬ ತೋಟ ಮಾಡಿಸಿದ. ಒಂದು ಕೆರೆ ಕಟ್ಟಿಸಿ ಅದಕ್ಕೆ ಕವಿತಾಗುಣಾರ್ಣವ ಎಂದು ಹೆಸರಿಟ್ಟ. ಅದು ಅವನ ಅಣ್ಣ ಪಂಪನ ಬಿರುದು. ಅಣ್ಣನ ಹೆಸರಿನಲ್ಲಿ ನೀರು ನಿಲ್ಲಿಸಿದ ತಮ್ಮ! ಆಸ್ತಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವುದನ್ನು ನಾವೆಲ್ಲ ನೋಡುತ್ತಿರುವಾಗ ಈ ಒಂದು ಮಾತಿಗಾಗಿಯೇ ಅಲ್ಲಿಗೆ ಹೋಗಿ ಬರಬಹುದು.

ಆದರೆ ಅವ್ವನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ಸಾಲು. ಅದು ಪಂಪನ ತಾಯಿಯ ಹೆಸರು: ಅಬ್ಬಣಬ್ಬೆ. ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಮಹಾಕವಿಯ ತಾಯಿಯ ಹೆಸರು ನಮಗೆ ಸಿಕ್ಕಿರುವುದು ಈ ಬಂಡೆಯಿಂದ. ಅವ್ವ ಆ ಸಾಲನ್ನು ಎರಡು ಸಲ ಓದಿಸಿದಳು. "ತವರೂರು ಸೈತ ಬರಸ್ಯಾನ ನೋಡು" ಎಂದಳು. ಅವ್ವನ ತವರು ಇಂಡಿ ತಾಲೂಕು. ಹದಿನೇಳನೆಯ ವಯಸ್ಸಿಗೆ ಗಡಿ ದಾಟಿ ನಮ್ಮ ಮನೆಗೆ ಬಂದವಳು. ಮರಾಠಿಯ ನಡುವೆ ನಮ್ಮ ಮನೆಯಲ್ಲಿ ಕನ್ನಡ ಉಳಿದಿರುವುದು ಹೀಗೆ ತವರಿನಿಂದ ಮಾತು ತಂದ ಹೆಣ್ಣುಮಕ್ಕಳಿಂದಲೇ.

ಆಗ ಮಗಳು ಕೇಳಿದಳು: "ಆಯಿ, ನಮ್ಮ ವಂಶಾವಳಿಯೊಳಗ ನಿನ್ನ ಹೆಸರು ಎಲ್ಲೈತಿ?"

ನಮ್ಮ ಮನೆಯ ವಂಶಾವಳಿ ಹಳೆಯ ಕೀರ್ದಿ ಪುಸ್ತಕದ ಕಡೆಯ ಹಾಳೆಯಲ್ಲಿದೆ. ಏಳು ತಲೆಮಾರು ಬರೆದಿದೆ. ಎಲ್ಲವೂ ಗಂಡಸರ ಹೆಸರು. ಊರಿನ ಬಹುತೇಕ ಮನೆಗಳಲ್ಲಿ ಪದ್ಧತಿ ಇದೇ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಅವ್ವ ತನ್ನ ಅತ್ತೆಯ ಹೆಸರು ಹೇಳಿದಳು, ಅತ್ತೆಯ ಅತ್ತೆಯದನ್ನೂ ಹೇಳಿದಳು. ಅದರ ಮೇಲೆ ಯಾರು ಎಂದಾಗ ಸುಮ್ಮನಾದಳು. ಸಾವಿರ ವರ್ಷದ ಹಿಂದಿನ ಅಬ್ಬಣಬ್ಬೆಯ ಹೆಸರು, ಅವಳ ತವರು, ಅವಳ ಅಜ್ಜನ ಹೆಸರು ನಮಗೆ ಗೊತ್ತಾಯಿತು. ನಮ್ಮದೇ ಮುತ್ತಜ್ಜನ ತಾಯಿಯ ಹೆಸರು ಹೇಳುವವರಿಲ್ಲ.

ಊರಿಗೆ ಬಂದ ಮೇಲೆ ದೊಡ್ಡಮ್ಮ, ಅತ್ತೆಯಂದಿರು, ಅಕ್ಕಲಕೋಟೆಯ ಬೀಗರು ಎಲ್ಲರನ್ನೂ ಕೇಳಿದೆವು. ಇನ್ನೂ ಎರಡು ಹೆಸರು ಸಿಕ್ಕವು. ಒಂದಕ್ಕೆ ಊರಿಲ್ಲ. ಉಳಿದವು ಇನ್ನು ಸಿಗಲಾರವು. ಆ ಜಾಗಗಳನ್ನು ಖಾಲಿ ಬಿಟ್ಟಿದ್ದೇವೆ. ಕೀರ್ದಿಯ ಹಾಳೆಯಲ್ಲಿ ಈಗ ಗಂಡಸರ ಹೆಸರಿನ ಪಕ್ಕದಲ್ಲಿ ತಾಯಂದಿರ ಹೆಸರು, ತವರಿನ ಹೆಸರು ಇವೆ. ಅವನ್ನು ಕನ್ನಡದಲ್ಲಿ ಬರೆದವಳು ಮಗಳು, ತಪ್ಪು ತಿದ್ದಿದವಳು ಅವಳ ಆಯಿ. ಕನ್ನಡ ಯಾಕೆ ಬೇಕು ಎಂದು ಕೇಳುತ್ತಿದ್ದ ಮಗನೇ ಗೆರೆ ಹಾಕಿ ಕೊಟ್ಟ.

ಹೋಗುವವರಿಗೆ ನಾಲ್ಕು ಮಾತು. ಚಳಿಗಾಲದಲ್ಲಿ ಹೋಗಿರಿ, ಬೆಳಿಗ್ಗೆಯೇ ಗುಡ್ಡ ಹತ್ತಿರಿ. ನೀರು, ಬುತ್ತಿ ಕಟ್ಟಿಕೊಂಡೇ ಹೋಗಿರಿ. ಶಾಸನದ ಪಾಠ ಬರೆದುಕೊಂಡು ಹೋದರೆ ನೋಡಿದ ಕಲ್ಲು ಮಾತಾಡುತ್ತದೆ. ಇಲ್ಲವಾದರೆ ಬರೀ ಗೆರೆಗಳು ಕಾಣುತ್ತವೆ. ಅಕ್ಷರ ಸ್ಪಷ್ಟ ಕಾಣಲೆಂದು ಖಡು, ಸುಣ್ಣ ತಿಕ್ಕಬೇಡಿರಿ. ಬೆಳಗಿನ ಓರೆ ಬಿಸಿಲೇ ಸಾಕು. ಕುಂಕುಮ, ಎಣ್ಣೆ ಹಚ್ಚಬೇಡಿರಿ. ಹಾಗೆಯೇ ವೇಮುಲವಾಡವನ್ನೂ ನೋಡಿ ಬನ್ನಿರಿ. ಯಶಸ್ತಿಲಕ ಚಂಪೂ ಬರೆದ ಸೋಮದೇವ ಸೂರಿಗಳು ಈ ಚಾಲುಕ್ಯರ ಕಾಲದವರೇ. ಅವರ ಕಾವ್ಯ ಮುಗಿದದ್ದು 959ರಲ್ಲಿ, ಗಂಗಾಧಾರೆ ಎಂಬ ಊರಿನಲ್ಲಿ.

ಕರೀಂನಗರದ ಸುತ್ತ ಗ್ರಾನೈಟ್ ಗಣಿಗಳು ಬಹಳ. ಗುಡ್ಡಗಳು ಚಪ್ಪಡಿಯಾಗಿ ಲಾರಿ ಏರಿ ಹೋಗುವುದನ್ನು ದಾರಿಯಲ್ಲಿ ಕಂಡೆವು. ಜನ ಹೋಗಿ ಬಂದು ಮಾಡುವ ಸ್ಥಳಕ್ಕೆ ಒಂದು ಕಾವಲು ಇರುತ್ತದೆ. ಆದ್ದರಿಂದ ಬಂಧುಗಳೇ, ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ಬೊಮ್ಮಲಗುಟ್ಟಕ್ಕೆ ಹೋಗಿ ಬನ್ನಿರಿ. ಅದಕ್ಕೂ ಮೊದಲು, ಇಂದು ಸಂಜೆಯೇ, ಮನೆಯ ಹಿರಿಯ ಹೆಣ್ಣುಮಕ್ಕಳ ಹತ್ತಿರ ಕೂತು ಅವರ ತಾಯಿಯ ಹೆಸರು, ಅಜ್ಜಿಯ ಹೆಸರು ಕೇಳಿ ಬರೆದಿಟ್ಟುಕೊಳ್ಳಿರಿ.